ಬಂಡೆ ಹತ್ತಲು ಏಳು ವಾಟ್ ಸಾಕು

ರಿಮೋಟ್ ಗಾಡಿ ಇಟ್ಟುಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಸ್ಪೀಡ್ ಹೋಗುತ್ತೆ?" ಇದು ಕ್ರಾಲರ್, ಬಂಡೆ ಹತ್ತುವ ಗಾಡಿ, ನಾವು ನಡೆಯುವುದಕ್ಕಿಂತ ನಿಧಾನ ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಹಿಂದೆಯೇ ಸಲಹೆ ಬರುತ್ತದೆ: "ಇನ್ನೂ ದೊಡ್ಡ ಮೋಟಾರ್ ಹಾಕಿ, ಎಲ್ಲಾ ಹತ್ತುತ್ತೆ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಒಂದು ಸಲ ಲೆಕ್ಕ ಹಾಕಿಯೇ ಬಿಡೋಣ.

ಗಾಡಿಯ ತೂಕ 2 ಕೆ.ಜಿ. ಇರಲಿ. ಬಂಡೆಯ ಏರು 45 ಡಿಗ್ರಿ. ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 14 ನ್ಯೂಟನ್. ಸೆಕೆಂಡಿಗೆ ಅರ್ಧ ಮೀಟರ್ ಹತ್ತಬೇಕಾದರೆ ಬೇಕಾಗುವ ಪವರ್ 14ರಲ್ಲಿ ಅರ್ಧ, ಅಂದರೆ 7 ವಾಟ್. ಬಚ್ಚಲುಮನೆಯ ಎಲ್‌ಇಡಿ ಬಲ್ಬು ತಿನ್ನುವಷ್ಟು. ಗೇರುಗಳ ಉಜ್ಜಾಟದಲ್ಲಿ, ಮೋಟಾರಿನ ಬಿಸಿಯಲ್ಲಿ ಅರ್ಧಕ್ಕರ್ಧ ಪೋಲಾಯಿತು ಅಂದುಕೊಂಡರೂ 14 ವಾಟ್. ಆಟಿಕೆಯ ಎರಡು ಮೋಟಾರ್ ಸೇರಿ ಇಷ್ಟನ್ನು ಕೊಡುತ್ತವೆ. ಪವರ್ ಇಲ್ಲಿ ಸಮಸ್ಯೆಯೇ ಅಲ್ಲ. ಇರುವ ಪವರನ್ನು ಚಕ್ರಕ್ಕೆ ಯಾವ ರೂಪದಲ್ಲಿ ಕೊಡುತ್ತೀರಿ, ಯಾವ ಚಕ್ರಕ್ಕೆ ಕೊಡುತ್ತೀರಿ, ಇವೆರಡೇ ಪ್ರಶ್ನೆ.

ಮೊದಲನೆಯದು ಗೇರಿನ ಮಾತು, ಬೇಗ ಮುಗಿಯುತ್ತದೆ. ನಿಮಿಷಕ್ಕೆ 15,000 ಸುತ್ತು ತಿರುಗುವ ಮೋಟಾರಿಗೆ 10 ಸೆಂ.ಮೀ. ವ್ಯಾಸದ ಚಕ್ರವನ್ನು ನೇರವಾಗಿ ಸಿಕ್ಕಿಸಿದರೆ, ಕಾಗದದ ಮೇಲೆ ಗಾಡಿಯ ವೇಗ ಗಂಟೆಗೆ 280 ಕಿ.ಮೀ. ದಾಟುತ್ತದೆ. ನೆಲದ ಮೇಲೆ ಅದು ಅಲುಗಾಡುವುದೂ ಇಲ್ಲ. ಮಧ್ಯೆ 80ಕ್ಕೆ 1ರಂತೆ ಗೇರ್ ಇಳಿಸಿ. ವೇಗ ಮೂರೂವರೆ ಕಿ.ಮೀ.ಗೆ ಬರುತ್ತದೆ, ತಿರುಚುವ ಬಲ, ಅಂದರೆ ಟಾರ್ಕ್, ಹೆಚ್ಚುಕಡಿಮೆ 80 ಪಟ್ಟು ಏರುತ್ತದೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳು ಆ ಕಲ್ಲುದಾರಿಯಲ್ಲಿ ತೆವಳುವುದು ಇದೇ ಲೆಕ್ಕದ ಮೇಲೆ. ಅಲ್ಲಿ ಯಾರೂ ಸ್ಪೀಡ್ ಕೇಳುವುದಿಲ್ಲ!

ಇನ್ನು ಸಾಮಾನು. ಹೊಸ ಕ್ರಾಲರ್ ಕೊಳ್ಳಲು ಹೋದರೆ ಹತ್ತಾರು ಸಾವಿರ ರೂಪಾಯಿ. ಅಗ್ಗದ ದಾರಿ ಬೇಕಿದ್ದರೆ ಕೆಟ್ಟುಹೋದ ಆಟಿಕೆ ಕ್ರಾಲರ್ ಒಂದನ್ನು ಹುಡುಕಿ. ಇವುಗಳಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಒಳಗಿನ ಬೋರ್ಡು, ಆಮೇಲೆ ಸ್ಟೇರಿಂಗ್. ಆಕ್ಸಲ್‌ಗಳು ಚೆನ್ನಾಗಿಯೇ ಇರುತ್ತವೆ. ಎಷ್ಟೋ ಮಾದರಿಗಳಲ್ಲಿ ಮುಂದಿನ ಆಕ್ಸಲಿಗೆ ಒಂದು, ಹಿಂದಿನದಕ್ಕೆ ಒಂದು ಮೋಟಾರ್, ಜೊತೆಗೆ ಗೇರ್ ಪೆಟ್ಟಿಗೆ ಎಲ್ಲ ಕೂತಲ್ಲೇ ಇರುತ್ತದೆ. ನಮಗೆ ಬೇಕಾದದ್ದು ಅದೇ. ಚಾಸಿಗೆ ಕಿಟಕಿ ಮಾಡುವವರ ಅಂಗಡಿಯಲ್ಲಿ ಉಳಿದ ಅಲ್ಯುಮಿನಿಯಂ ತುಂಡು, ಸ್ಟೇರಿಂಗ್ ಸರಳಿಗೆ ಸೈಕಲ್ ಕಡ್ಡಿ. ಸ್ಟೇರಿಂಗ್ ತಿರುಗಿಸುವ ಸರ್ವೊ, ಮೋಟಾರ್ ನಿಯಂತ್ರಿಸುವ ಇಎಸ್‌ಸಿ, ರಿಮೋಟ್, ರಿಸೀವರ್ ಇವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಬಿಡಿಯಾಗಿ ಸಿಗುತ್ತವೆ. ಬೇರೆ ಬೇರೆ ಕಡೆಯ ಭಾಗ ಸೇರಿಸುವಾಗ ನೋಡಬೇಕಾದ್ದು ಚಕ್ರದ ನಡುವಿನ ಆರುಮೂಲೆಯ ಗುಳಿ. ಹವ್ಯಾಸಿ ಗಾಡಿಗಳಲ್ಲಿ ಅದು ರೂಢಿಯಾಗಿ 12 ಮಿ.ಮೀ., ಆಟಿಕೆಯಲ್ಲಿ ಚಿಕ್ಕದಿರಬಹುದು. ಅಡಾಪ್ಟರ್ ಸಿಗುತ್ತದೆ, ದೊಡ್ಡ ತಲೆನೋವಲ್ಲ.

ಈಗ ಆಕ್ಸಲ್ ಬಿಚ್ಚಿ. ನಾಲ್ಕು ಸ್ಕ್ರೂ ತೆಗೆದರೆ ಕರಿಬಣ್ಣಕ್ಕೆ ತಿರುಗಿದ ಗ್ರೀಸ್, ಅದರೊಳಗೆ ಒಂದು ದೊಡ್ಡ ಗೇರ್. ಆ ದೊಡ್ಡ ಗೇರಿನ ಹೊಟ್ಟೆಯಲ್ಲಿ ಬಟಾಣಿ ಗಾತ್ರದ ಪುಟಾಣಿ ಗೇರುಗಳು ಕಂಡರೆ ಅದು ಡಿಫರೆನ್ಷಿಯಲ್. ಏನೂ ಕಾಣದೆ ಎರಡೂ ಚಕ್ರಕ್ಕೆ ಒಂದೇ ಕಬ್ಬಿಣದ ಸರಳು ಹಾದುಹೋಗಿದ್ದರೆ ನಿಮ್ಮ ಅದೃಷ್ಟ. ಆಟಿಕೆ ಮಾಡುವವರು ದುಡ್ಡು ಉಳಿಸಲು ಡಿಫರೆನ್ಷಿಯಲ್ ಬಿಟ್ಟಿರುತ್ತಾರೆ. ಆ ಜಿಪುಣತನವೇ ಬಂಡೆಯ ಮೇಲೆ ನಮಗೆ ವರ.

ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಎಡಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಕಾರು ಯೂ-ಟರ್ನ್ ಹೊಡೆದರೆ, ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.7 ಮೀಟರ್ ಜಾಸ್ತಿ ಓಡಬೇಕು. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ. ಬೇಕಾದರೆ ಅರ್ಧವೃತ್ತದ ಸೂತ್ರ ಹಾಕಿ ನೋಡಿ. ಎರಡೂ ಚಕ್ರ ಒಂದೇ ಸರಳಿಗೆ ಬಿಗಿದಿದ್ದರೆ ಒಂದಾದರೂ ಜಾರಲೇಬೇಕು. ಇದನ್ನು ತಪ್ಪಿಸಲು ಫ್ರಾನ್ಸಿನ ಒನೆಸಿಫೋರ್ ಪೆಕೂರ್ 1827ರ ಹೊತ್ತಿಗೆ ಉಗಿಗಾಡಿಗಾಗಿ ಡಿಫರೆನ್ಷಿಯಲ್ ರೂಪಿಸಿದ. ಪೆಟ್ರೋಲ್ ಕಾರು ಬರಲು ಆಗ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಕಿ ಇತ್ತು.

ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಬೇರೆ ಬೇರೆ ವೇಗ ಕೊಡಬಲ್ಲದು. ಆದರೆ ಟಾರ್ಕ್ ಮಾತ್ರ ಸಮಸಮ. ಇಲ್ಲೇ ಎಡವಟ್ಟು. ಒಂದು ಚಕ್ರ ಗಾಳಿಯಲ್ಲಿ ಎದ್ದಿದೆ ಅನ್ನಿ. ಗಾಳಿಯಲ್ಲಿ ತಿರುಗಲು ಬಲವೇ ಬೇಡ, ಆದ್ದರಿಂದ ಅದರ ಟಾರ್ಕ್ ಹತ್ತಿರ ಹತ್ತಿರ ಸೊನ್ನೆ. ಸಮಪಾಲು ತಾನೇ? ನೆಲ ಕಚ್ಚಿರುವ ಇನ್ನೊಂದು ಚಕ್ರಕ್ಕೂ ಸೊನ್ನೆ. ಗಾಳಿಯಲ್ಲಿರುವುದು ಗಿರ್ರನೆ ತಿರುಗುತ್ತದೆ, ನೆಲದಲ್ಲಿರುವುದು ಸುಮ್ನೆ ಕೂತಿರುತ್ತದೆ. ಕೆಸರಲ್ಲಿ ಸಿಕ್ಕಿಬಿದ್ದ ಕಾರಿನಲ್ಲಿ ನೀವು ನೋಡಿರುವುದು ಇದನ್ನೇ. ಅದಕ್ಕೆ ಎಷ್ಟು ದೊಡ್ಡ ಎಂಜಿನ್ ಹಾಕಿದರೂ ಅಷ್ಟೇ, ಬಂಪರಿಗೆ ಎಷ್ಟು ನಿಂಬೆಹಣ್ಣು ಕಟ್ಟಿದರೂ ಅಷ್ಟೇ. ಕ್ರಾಲರಿನಲ್ಲಿ ಮದ್ದು ಸುಲಭ. ಪುಟಾಣಿ ಗೇರುಗಳ ಗ್ರೀಸನ್ನು ಥಿನ್ನರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಎಂ-ಸೀಲ್ ಮೆತ್ತಿ ಒಂದು ರಾತ್ರಿ ಬಿಡಿ. ಡಿಫರೆನ್ಷಿಯಲ್ ಕಲ್ಲಾಗುತ್ತದೆ. ಗ್ರೀಸ್ ಉಳಿದಿದ್ದರೆ ಎಂ-ಸೀಲ್ ಹಿಡಿಯುವುದಿಲ್ಲ, ಮೊದಲ ಬಂಡೆಗೇ ಕಿತ್ತು ಬರುತ್ತದೆ.

ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಇನ್ನೊಂದು ಡಿಫರೆನ್ಷಿಯಲ್ ವೈರಿನಲ್ಲಿ ಅಡಗಿ ಕೂತಿದೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದದ್ದೇ ಇದು.

ಎರಡು ಮೋಟಾರ್ ಇವೆ, ಇಎಸ್‌ಸಿ ಒಂದು. ಹೇಗೆ ಜೋಡಿಸುತ್ತೀರಿ? ಜಾಣರಿಗೆ ಹೊಳೆಯುವುದು ಸೀರೀಸ್, ಅಂದರೆ ಒಂದರ ಹಿಂದೆ ಒಂದು. 7.4 ವೋಲ್ಟ್ ಬ್ಯಾಟರಿ ಇಬ್ಬರಿಗೂ ಹಂಚಿ ಒಂದೊಂದಕ್ಕೆ 3.7 ವೋಲ್ಟ್ ಸಿಗುತ್ತದೆ, ಗಾಡಿ ತಾನಾಗಿ ನಿಧಾನವಾಗುತ್ತದೆ, ಪುಕ್ಕಟೆ ಗೇರ್ ಇಳಿಸಿದಂತಾಯಿತು ಅಲ್ವಾ? ಟೇಬಲ್ ಮೇಲೆ ಚೆನ್ನಾಗಿಯೇ ಓಡುತ್ತದೆ. ಬಂಡೆಯ ಮೇಲೆ ಮುಂದಿನ ಚಕ್ರಗಳು ಜಾರಿದ ಕೂಡಲೇ ಹಿಂದಿನವು ನಿಂತುಬಿಡುತ್ತವೆ.

ಕಾರಣ ಹೀಗಿದೆ. ಮೋಟಾರಿನ ಟಾರ್ಕ್ ಅದರಲ್ಲಿ ಹರಿಯುವ ಕರೆಂಟಿಗೆ ತಕ್ಕಷ್ಟು. ಸೀರೀಸ್‌ನಲ್ಲಿ ಎರಡರಲ್ಲೂ ಹರಿಯುವುದು ಒಂದೇ ಕರೆಂಟ್. ಹಾಗಾಗಿ ಎರಡರ ಟಾರ್ಕೂ ಸಮ. ಎಲ್ಲೋ ಕೇಳಿದ ಹಾಗಿದೆಯಾ? ಪೆಕೂರನ ಗೇರುಗಳು ಮಾಡುವುದೂ ಇದನ್ನೇ. ಇನ್ನೊಂದು ಸಂಗತಿ: ತಿರುಗುವ ಮೋಟಾರ್ ಜನರೇಟರ್ ಕೂಡ ಹೌದು. ಜೋರಾಗಿ ತಿರುಗಿದಷ್ಟೂ ಬ್ಯಾಟರಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸುತ್ತದೆ. ಇದಕ್ಕೆ ಬ್ಯಾಕ್ ಇಎಂಎಫ್ ಎನ್ನುತ್ತಾರೆ. ಜಾರುತ್ತಿರುವ ಮುಂದಿನ ಮೋಟಾರ್ ಹೊರೆಯಿಲ್ಲದೆ ಗಿರಗಿರ ತಿರುಗಿ 7.4ರಲ್ಲಿ ಹೆಚ್ಚಿನ ಪಾಲನ್ನು ತಾನೇ ನುಂಗುತ್ತದೆ. ಒಂದೇ ತಟ್ಟೆಯಲ್ಲಿ ಇಬ್ಬರು ಉಣ್ಣಲು ಕೂತಂತೆ ಇದು. ಕೈ ಬಿಡುವಾಗಿರುವವನು ತಿಂದು ಮುಗಿಸುತ್ತಾನೆ, ಹೊರೆ ಹೊತ್ತವನಿಗೆ ಅಗುಳೂ ಉಳಿಯುವುದಿಲ್ಲ. ಲೆಕ್ಕದಲ್ಲಿ ನೋಡಿ. ಪ್ರತಿ ಮೋಟಾರಿನ ರೆಸಿಸ್ಟೆನ್ಸ್ 1 ಓಮ್ ಇರಲಿ. ಮುಂದಿನದು ಖಾಲಿ ತಿರುಗುತ್ತಾ 0.4 ಆಂಪಿಯರ್ ಮಾತ್ರ ಎಳೆಯುತ್ತಿದೆ. ನಿಂತಿರುವ ಹಿಂದಿನ ಮೋಟಾರಿಗೂ ಅದೇ 0.4 ಆಂಪಿಯರ್, ಅದರ ಪಾಲಿನ ವೋಲ್ಟೇಜ್ ಬರೀ 0.4.

ಅದೇ ಎರಡು ಮೋಟಾರನ್ನು ಪ್ಯಾರಲಲ್ ಆಗಿ, ಅಂದರೆ ಅಕ್ಕಪಕ್ಕದಲ್ಲಿ ಒಂದೊಂದಕ್ಕೂ ಬೇರೆ ದಾರಿ ಇರುವಂತೆ ಜೋಡಿಸಿ. ಹಿಂದಿನದಕ್ಕೆ ಪೂರ್ತಿ 7.4 ವೋಲ್ಟ್. ನಿಂತಲ್ಲೇ 7.4 ಆಂಪಿಯರ್ ಎಳೆಯಬಲ್ಲದು, ಹದಿನೆಂಟು ಪಟ್ಟಿಗೂ ಹೆಚ್ಚು. ಮುಂದಿನದು ಜಾರಲಿ, ಕುಣಿಯಲಿ, ಹಿಂದಿನದರ ಪಾಲಿಗೆ ಕೈ ಹಾಕಲಾರದು. ಒಂದು ವೈರ್ ಬಿಚ್ಚಿ ಬೇರೆ ಕಡೆ ಬೆಸುಗೆ ಹಾಕಿದ್ದಷ್ಟೇ, ಗಾಡಿಯ ಗುಣವೇ ಬದಲಾಯಿತು. ಇದಕ್ಕೆ ಬೆಲೆ ಇಲ್ಲದಿಲ್ಲ. ಎರಡೂ ಮೋಟಾರ್ ಒಟ್ಟಿಗೆ ನಿಂತರೆ 15 ಆಂಪಿಯರ್ ಹತ್ತಿರ ಹೋಗುತ್ತದೆ, ಇಎಸ್‌ಸಿ ಅದನ್ನು ತಡೆಯುವಂತಿರಬೇಕು. ಬಂಡೆಗೆ ಮುಖ ಕೊಟ್ಟು ಥ್ರಾಟಲ್ ಒತ್ತಿ ಹಿಡಿದರೆ ಮೋಟಾರ್ ಸುಡುತ್ತದೆ. ನಿಧಾನ ಬೇಕಿದ್ದರೆ ಗೇರ್ ಇಳಿಸಿ, ವೋಲ್ಟೇಜ್ ಕದಿಯಬೇಡಿ.

ರೈಲಿನವರಿಗೆ ಇದು ಹಳೆ ಪಾಠ. 1925ರ ಫೆಬ್ರವರಿ 3ರಂದು ಬಾಂಬೆ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿತು, 1,500 ವೋಲ್ಟ್ ಡಿಸಿಯಲ್ಲಿ. ಹಳೆ ಡಿಸಿ ರೈಲುಗಳು ಹೊರಡುವಾಗ ಮೋಟಾರುಗಳನ್ನು ಸೀರೀಸ್‌ನಲ್ಲಿಟ್ಟು, ವೇಗ ಏರಿದ ಮೇಲೆ ಪ್ಯಾರಲಲ್‌ಗೆ ಬದಲಿಸುವುದು ವಾಡಿಕೆ. ಹೊರಡುವಾಗ ಕರೆಂಟ್ ಉಳಿತಾಯ. ಆದರೆ ಮಳೆಯಲ್ಲಿ ಹಳಿ ಒದ್ದೆಯಾಗಿ ಒಂದು ಚಕ್ರ ಜಾರಿತೋ, ಸೀರೀಸ್‌ನಲ್ಲಿರುವ ಆ ಮೋಟಾರ್ ಇನ್ನಷ್ಟು ವೋಲ್ಟೇಜ್ ಎಳೆದುಕೊಂಡು ಇನ್ನಷ್ಟು ಜಾರುತ್ತದೆ. ಮರಳು ಉದುರಿಸಿ ಹಿಡಿತ ತರಬೇಕು. ನಮ್ಮ ಎರಡು ಕೆ.ಜಿ. ಗಾಡಿಯ ಕಷ್ಟವೂ ಅದೇ, ಮರಳಿನ ಸೌಕರ್ಯ ಮಾತ್ರ ಇಲ್ಲ.

ಹಿಡಿತ ಅಂದಾಗ ತೂಕದ ಮಾತು ಬರಲೇಬೇಕು. ಗಾಡಿ ಹಗುರವಾದಷ್ಟೂ ಹತ್ತುತ್ತದೆ ಎನ್ನುವುದು ಇನ್ನೊಂದು ತಪ್ಪು ತಿಳುವಳಿಕೆ. ತೂಕ ಹೆಚ್ಚಾದರೆ ಎಳೆತವೂ ಹೆಚ್ಚು, ಹಿಡಿತವೂ ಹೆಚ್ಚು, ಎರಡೂ ಹೆಚ್ಚುಕಡಿಮೆ ಹೊಂದಿಕೊಂಡು ಹೋಗುತ್ತವೆ. ತೂಕ ಎಲ್ಲಿದೆ ಅನ್ನುವುದು ಮುಖ್ಯ. ಆಕ್ಸಲ್‌ಗಳ ನಡುವೆ 30 ಸೆಂ.ಮೀ., ಭಾರದ ಕೇಂದ್ರ ನೆಲದಿಂದ 8 ಸೆಂ.ಮೀ. ಎತ್ತರದಲ್ಲಿದ್ದರೆ, 45 ಡಿಗ್ರಿ ಏರಿನಲ್ಲಿ ಚಕ್ರಗಳು ಬಂಡೆಯನ್ನು ಒತ್ತುವ ಒಟ್ಟು ಭಾರದ 27% ಮುಂದಿನ ಚಕ್ರಗಳಿಂದ ಹಿಂದಕ್ಕೆ ಹೋಗುತ್ತದೆ. ಸಮತಟ್ಟಿನಲ್ಲಿ ಅರ್ಧ-ಅರ್ಧ ಇದ್ದದ್ದು ಈಗ ಮುಂದೆ 23, ಹಿಂದೆ 77. ಮುಂದಿನ ಚಕ್ರಗಳಿಗೆ ಕಲ್ಲು ಕಚ್ಚಲು ಭಾರವೇ ಇಲ್ಲ. ಕೇಂದ್ರವನ್ನು 4 ಸೆಂ.ಮೀ.ಗೆ ಇಳಿಸಿದರೆ ಕಳೆದುಕೊಳ್ಳುವುದು 13% ಮಾತ್ರ. ಅದಕ್ಕೇ ಬ್ಯಾಟರಿ ಕೆಳಗೆ, ಮುಂದಿನ ಆಕ್ಸಲ್ ಹತ್ತಿರ ಇರಬೇಕು. ಟೈರ್ ಅಂಗಡಿಯಲ್ಲಿ ಕಾರಿನ ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ ತೂಕದ ತುಂಡುಗಳಿರುತ್ತವಲ್ಲ, ಅವನ್ನು ಮುಂದಿನ ಚಕ್ರಗಳ ಒಳಗೆ ಸುತ್ತಿ ಅಂಟಿಸಿ. ಮೇಲೆ ಅಂದಕ್ಕೆ ಇಡುವ ಲಗೇಜ್ ಕ್ಯಾರಿಯರ್, ಪುಟ್ಟ ಸ್ಟೆಪ್ನಿ ಇವೆಲ್ಲ ಫೋಟೊಗೆ ಮಾತ್ರ.

ರಿಮೋಟಿನ ಬಗ್ಗೆ ಒಂದೆರಡು ಮಾತು. ಆಟಿಕೆಯ ಹಳೆ ರಿಮೋಟ್ ಉಪಯೋಗವಿಲ್ಲ, ಅದಕ್ಕೆ ಗೊತ್ತಿರುವುದು ಓಡು ಮತ್ತು ನಿಲ್ಲು ಎರಡೇ. ಬೆರಳು ಎಷ್ಟು ಒತ್ತಿತೋ ಅಷ್ಟೇ ತಿರುಗುವ ರಿಮೋಟ್ ಬೇಕು. ಅಂಥ ರಿಮೋಟಿನ ರಿಸೀವರ್ ಸರ್ವೊಗೆ ಸೆಕೆಂಡಿಗೆ 50 ಸಲ ಒಂದು ಮಿಡಿತ ಕಳಿಸುತ್ತದೆ. ಮಿಡಿತ 1 ಮಿಲಿಸೆಕೆಂಡ್ ಇದ್ದರೆ ಒಂದು ತುದಿ, 2 ಇದ್ದರೆ ಇನ್ನೊಂದು ತುದಿ, ಒಂದೂವರೆ ಇದ್ದರೆ ನಟ್ಟನಡುವೆ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೊದಿಂದ ದೋಣಿ ಓಡಿಸಿ ತೋರಿಸಿದಾಗ, ಒಳಗೆ ಪಳಗಿಸಿದ ಮಂಗ ಕೂತಿದೆ ಅಂದವರೂ ಇದ್ದರಂತೆ. ಅರ್ಥವಾಗದ್ದಕ್ಕೆ ಮಂಗವೋ ಮಾಟವೋ ಒಂದು ಬೇಕಲ್ಲ. ಈಗಲೂ ಅದು ಹೋಗಿಲ್ಲ. ಗಾಡಿ ಬಂಡೆಯ ಮಧ್ಯೆ ದಿಢೀರನೆ ಸತ್ತು, ಎರಡು ಸೆಕೆಂಡಿಗೆ ಮತ್ತೆ ಜೀವ ಬಂದರೆ "ದೃಷ್ಟಿ ಬಿತ್ತು" ಅಂತ ನಗುವವರಿದ್ದಾರೆ, "ಸಿಗ್ನಲ್ ಪ್ರಾಬ್ಲಂ" ಅಂತ ಹೊಸ ರಿಮೋಟ್ ಕೊಳ್ಳುವವರೂ ಇದ್ದಾರೆ. ಹೆಚ್ಚಾಗಿ ಎರಡೂ ಅಲ್ಲ. ಕಲ್ಲಿಗೆ ಒತ್ತಿಕೊಂಡ ಚಕ್ರವನ್ನು ತಿರುಗಿಸಲು ಒದ್ದಾಡುವ ದೊಡ್ಡ ಸರ್ವೊ 2 ಆಂಪಿಯರಿಗೂ ಜಾಸ್ತಿ ಎಳೆಯುತ್ತದೆ. ಅಗ್ಗದ ಇಎಸ್‌ಸಿಯೊಳಗಿನ 5 ವೋಲ್ಟ್ ಸರಬರಾಜು ಕುಸಿಯುತ್ತದೆ, ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಸರ್ವೊಗೆ ವೋಲ್ಟೇಜ್ ಕುಸಿಯದಂತೆ ಹಿಡಿದಿಡುವ ಬೇರೆಯೇ ರೆಗ್ಯುಲೇಟರ್ ಕೊಡಿ, ದೃಷ್ಟಿ ಇಳಿಯುತ್ತದೆ.

ಬ್ಯಾಟರಿಗೆ ಹಳೆ ಲ್ಯಾಪ್‌ಟಾಪ್ ಪ್ಯಾಕಿನ 18650 ಎಂಬ ಉರುಟು ಲಿಥಿಯಂ ಸೆಲ್ ಎರಡು ಸೀರೀಸ್‌ನಲ್ಲಿ ನಡೆಯುತ್ತವೆ, ಆದರೆ ಹಳೆ ಸೆಲ್ಲುಗಳು ಇಷ್ಟು ಕರೆಂಟ್ ಎಳೆದರೆ ಬಿಸಿಯಾಗುತ್ತವೆ. ಆ ಕಾರಣಕ್ಕೆ ಒಂದೊಂದು ಸೆಲ್ಲಿನ ಜಾಗಕ್ಕೆ ಎರಡೆರಡನ್ನು ಪ್ಯಾರಲಲ್ ಆಗಿ ಹಾಕಿ, ಪ್ರೊಟೆಕ್ಷನ್ ಬೋರ್ಡ್ ಇಲ್ಲದೆ ಬಳಸಬೇಡಿ, ಒಂದೊಂದು ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಿ. ಉಬ್ಬಿದ್ದು, ಜಜ್ಜಿದ್ದು ಗುಜರಿಯಲ್ಲೇ ಇರಲಿ.

ಡಿಫರೆನ್ಷಿಯಲ್ ಕಲ್ಲಾಗಿಸಿದ ಮೇಲೆ ಒಂದು ತೊಂದರೆ ಉಳಿಯುತ್ತದೆ. ಗಾಡಿ ತಿರುಗಲು ಊರಗಲ ಜಾಗ ಕೇಳುತ್ತದೆ. ಇದಕ್ಕೂ ಬ್ಯಾಕ್ ಇಎಂಎಫ್‌ನಿಂದಲೇ ಕೆಲಸ ತೆಗೆಯಬಹುದು. ತಿರುಗುವ ಮೋಟಾರಿನ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿದರೆ, ಅದು ಹುಟ್ಟಿಸುವ ಕರೆಂಟೇ ಅದನ್ನು ತಡೆದು ನಿಲ್ಲಿಸುತ್ತದೆ. ಮೂರು ಕಾಲಿನ ಒಂದು ಮೈಕ್ರೊಸ್ವಿಚ್ ತನ್ನಿ. ಎರಡೂ ಕಡೆಗೆ ಕೂಡುವ ಸಾಮಾನ್ಯ ಕಾಲಿಗೆ (COM) ಹಿಂದಿನ ಮೋಟಾರಿನ ಒಂದು ತುದಿ, ಒತ್ತದಿದ್ದಾಗ ಕೂಡಿರುವ ಕಾಲಿಗೆ ಇಎಸ್‌ಸಿಯ ವೈರ್, ಒತ್ತಿದಾಗ ಕೂಡುವ ಕಾಲಿಗೆ ಅದೇ ಮೋಟಾರಿನ ಇನ್ನೊಂದು ತುದಿ. ಅದನ್ನು ಒತ್ತಲು ರಿಮೋಟಿನ ಮೂರನೇ ಚಾನೆಲ್‌ನಲ್ಲಿ ಒಂದು ಪುಟ್ಟ ಸರ್ವೊ. ಸ್ವಿಚ್ ಒತ್ತಿದ ಕೂಡಲೇ ಹಿಂದಿನ ಚಕ್ರಗಳು ಬಿಗಿಯುತ್ತವೆ, ಮುಂದಿನವು ಎಳೆಯುತ್ತಲೇ ಇರುತ್ತವೆ, ಗಾಡಿ ನಿಂತ ಜಾಗದಲ್ಲೇ ಮೂತಿ ತಿರುಗಿಸುತ್ತದೆ. ಮೊದಲ ಸಲ ಪರೀಕ್ಷಿಸುವಾಗ ಗಾಡಿಯನ್ನು ಇಟ್ಟಿಗೆಯ ಮೇಲೆ ಎತ್ತಿಡಿ. ವೈರ್ ಅದಲುಬದಲಾಗಿದ್ದರೆ ಶಾರ್ಟ್ ಆಗುವುದು ಮೋಟಾರ್ ಅಲ್ಲ, ಇಎಸ್‌ಸಿ.