ಅಂಗಡಿ ನಿಮ್ಮದು, ಕೀಲಿ ಯಾರ ಕೈಯಾಗ?

‘ಸರ, ಗೂಗಲ್‌ನ್ಯಾಗ ನಮ್ಮ ಅಂಗಡಿ ಐತ್ರಿ, ಆದ್ರ ಬಂದಾದ ನಂಬರ್ ತೋರಸ್ತೈತಿ. ಸ್ವಲ್ಪ ಬದಲ ಮಾಡಿ ಕೊಡ್ರಿ.’ ಯಾವ ಜಿಮೇಲ್‌ನಿಂದ ಮಾಡಿದ್ದು ಎಂದು ಕೇಳಿದರೆ ಉತ್ತರ ತಯಾರಿರುತ್ತದೆ: ‘ತಂಗಿ ಮಗ ಮಾಡಿದ್ದನ್ರಿ. ಈಗ ಪುಣೆದಾಗ ಅದಾನ.’

ಬೆಳಗಾವಿಯ ಕುಂದಾ ಇರಲಿ, ಗುಳೇದಗುಡ್ಡದ ಖಣ ಇರಲಿ, ಅಮೀನಗಡದ ಕರದಂಟು ಇರಲಿ, ಸರಕು ಬೇರೆಯಾದರೂ ತೊಡಕು ಇದೇ. ರೀಲ್ಸ್ ಎಷ್ಟು ಗಂಟೆಗೆ ಹಾಕಬೇಕು ಎಂದು ಕೇಳುವವರು ಬಹಳ. ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳುವವರು ಅಪರೂಪ. ಬಾಡಿಗೆ ಕರಾರುಪತ್ರವನ್ನು ನಾಲ್ಕು ಸಲ ಓದಿಸುವ ಸಾಹುಕಾರರೂ ಇಲ್ಲಿ ಮಾತ್ರ ‘ಹುಡುಗ ನೋಡ್ಕೋತಾನ ಬಿಡ್ರಿ’ ಎನ್ನುತ್ತಾರೆ.

ಗೂಗಲ್‌ನಲ್ಲಿ ಹುಡುಕಿದಾಗ ಅಂಗಡಿಯ ವಿಳಾಸ, ನಂಬರ್ ತೋರಿಸುವ ಖಾತೆಯೇ ಗೂಗಲ್ ಬಿಸಿನೆಸ್ ಪ್ರೊಫೈಲ್. ಅದರಲ್ಲಿ ಪ್ರೈಮರಿ ಓನರ್ (ಮುಖ್ಯ ಮಾಲೀಕ), ಓನರ್, ಮ್ಯಾನೇಜರ್ ಎಂಬ ಮೂರು ದರ್ಜೆಗಳಿವೆ. ಮ್ಯಾನೇಜರ್ ಆದವರು ಅಂಗಡಿ ತೆರೆಯುವ ವೇಳೆ ತಿದ್ದಬಹುದು, ಫೋಟೊ ಏರಿಸಬಹುದು, ರಿವ್ಯೂಗೆ ಉತ್ತರಿಸಬಹುದು. ಜನರನ್ನು ಸೇರಿಸಲು, ತೆಗೆಯಲು ಅವರಿಗೆ ಬರುವುದಿಲ್ಲ. ನಿತ್ಯದ ಕೆಲಸಕ್ಕೆ ಇಷ್ಟು ಸಾಕು, ಹುಡುಗನ ಜಾಗ ಇದೇ. ಆದರೆ ಪ್ರೊಫೈಲ್ ತೆರೆದದ್ದು ಅವನ ಜಿಮೇಲ್‌ನಿಂದಲಾದರೆ ಪ್ರೈಮರಿ ಓನರ್ ಅವನೇ. ‘ಪಾಸ್‌ವರ್ಡ್ ನಮಗ ಗೊತ್ತೈತ್ರಿ’ ಎನ್ನುತ್ತೀರಿ. ಹೊಸ ಮೊಬೈಲ್‌ನಲ್ಲಿ ಲಾಗಿನ್ ಆಗಿ ನೋಡಿ, ‘ಇದು ನೀವೇನಾ’ ಎಂಬ ಪ್ರಶ್ನೆ ಪುಣೆಗೆ ಹೋಗುವ ಸಾಧ್ಯತೆಯೇ ಹೆಚ್ಚು. ಪಾಸ್‌ವರ್ಡ್ ಗೊತ್ತಿರುವುದು ಮಾಲೀಕತ್ವ ಅಲ್ಲ. ಮತ್ತೊಮ್ಮೆ ಹೇಳುತ್ತೇನೆ, ಅಲ್ಲ.

ಸರಿಪಡಿಸುವುದು ಕಷ್ಟವೇನಿಲ್ಲ. ಅಂಗಡಿಯ ಹೆಸರಲ್ಲಿ ಹೊಸ ಜಿಮೇಲ್ ತೆರೆಯಿರಿ. ರಿಕವರಿ ನಂಬರ್ (ಖಾತೆ ಮರಳಿ ಪಡೆಯಲು ಕೊಡುವ ನಂಬರ್) ನಿಮ್ಮದೇ ಸಿಮ್ಮಿನದಿರಲಿ. ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಮೇಲೆ ಇನ್ನೊಂದು ಬೀಗ) ಹಾಕಿದರೆ, ಫೋನ್ ಕೈಯಲ್ಲಿ ಇಲ್ಲದಾಗ ಬಳಸಲು 8 ಅಂಕಿಯ 10 ಬ್ಯಾಕಪ್ ಕೋಡ್ ಸಿಗುತ್ತವೆ. ಪ್ರಿಂಟ್ ತೆಗೆದು ತಿಜೋರಿಯಲ್ಲಿಡಿ, ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಇನ್ನು ಹುಡುಗನಿಗೆ ಫೋನ್ ಮಾಡಿ, ಪ್ರೊಫೈಲ್ ಸೆಟ್ಟಿಂಗ್ಸ್‌ನ ‘ಪೀಪಲ್ ಆ್ಯಂಡ್ ಆ್ಯಕ್ಸೆಸ್’ನಲ್ಲಿ ಈ ಜಿಮೇಲ್ ಅನ್ನು ಓನರ್ ಎಂದು ಸೇರಿಸಲು ಹೇಳಿ. ಬಂದ ಆಮಂತ್ರಣ ಒಪ್ಪಿಕೊಂಡ ಮೇಲೆ 7 ದಿನ ಸುಮ್ಮನಿರಬೇಕು. ಹೊಸ ಓನರ್‌ಗೆ ಅಲ್ಲಿಯವರೆಗೆ ಪೂರ್ಣ ಅಧಿಕಾರ ಇರುವುದಿಲ್ಲ. ಬಹಳ ಮಂದಿ ಪ್ರೈಮರಿ ಓನರ್ ಬದಲಿಸಲು ಎರಡನೇ ದಿನವೇ ಒತ್ತಿ, ‘ಎರರ್ ಬಂತ್ರಿ’ ಎಂದು ಕೈಬಿಡುತ್ತಾರೆ. ಎಂಟನೇ ದಿನ ಅವನಿಂದ ಪ್ರೈಮರಿ ಓನರ್ ಪಟ್ಟ ನಿಮ್ಮ ಜಿಮೇಲ್‌ಗೆ ದಾಟಿಸಿಕೊಳ್ಳಿ, ಅವನನ್ನು ಮ್ಯಾನೇಜರ್ ಮಾಡಿ. ಸಿಟ್ಟಿನಿಂದ ತೆಗೆದು ಹಾಕಬೇಡಿ, ಫೋಟೊ ಏರಿಸಲು ನಾಳೆ ಅವನೇ ಬೇಕು.

ಕೆಲಸ ಬಿಟ್ಟ ಹುಡುಗ ಫೋನೇ ಎತ್ತದಿದ್ದರೆ? ‘ರಿಕ್ವೆಸ್ಟ್ ಆ್ಯಕ್ಸೆಸ್’ ಮೂಲಕ ಅರ್ಜಿ ಹಾಕಿ, ಉತ್ತರಿಸಲು ಅವನಿಗೆ 3 ದಿನ ಇರುತ್ತದೆ. ಉತ್ತರ ಬಾರದಿದ್ದರೆ ನೀವೇ ವೆರಿಫೈ ಮಾಡಿ ಪಡೆಯುವ ಅವಕಾಶ ಬರಬಹುದು. ಖಚಿತ ಎಂದು ನಂಬಿ ಕೂರಬೇಡಿ.

ವಾಟ್ಸ್ಆ್ಯಪ್ ಬಿಸಿನೆಸ್‌ಗೆ ನಂಬರೇ ಖಾತೆ. ಸಿಮ್ ಆಳಿನ ಹೆಸರಿನಲ್ಲಿದ್ದರೆ ಅವನ ಜೊತೆ ನಂಬರೂ ಹೋಯಿತು, ಗಿರಾಕಿಗಳೂ ಹೋದರು. ನಿಮ್ಮ ಸಿಮ್ ಹಾಕಿ, 6 ಅಂಕಿಯ ಪಿನ್ ಇಡಿ. ವೆಬ್‌ಸೈಟ್ ಇದ್ದರೆ ಡೊಮೇನ್ (ವೆಬ್‌ಸೈಟ್‌ನ ವಿಳಾಸ) ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ ಎಂದು ಇವತ್ತೇ ಕೇಳಿ. ನವೀಕರಣದ ನೋಟಿಸ್ ಬರುವುದು ಆ ಇಮೇಲ್‌ಗೆ.

ಹೆಸರಿನ ವಿಷಯ ಚುಟುಕಾಗಿ. 2014ರ ನವೆಂಬರ್ 1ಕ್ಕೆ ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದವು, ಆದರೂ ಬೆಲ್ಗಾಂ, ಬಿಜಾಪುರ ಎಂದು ಹುಡುಕುವವರು ಇದ್ದೇ ಇದ್ದಾರೆ. ಅದಕ್ಕೆಂದು ಅಂಗಡಿ ಹೆಸರಿಗೆ ‘ಬೆಸ್ಟ್ ಕುಂದಾ ಇನ್ ಬೆಲ್ಗಾಂ’ ಎಂದು ಬಾಲ ಕಟ್ಟಿದರೆ ಪ್ರೊಫೈಲ್ ಅಮಾನತಾದೀತು. ಬೋರ್ಡಿನ ಮೇಲೆ ಇದ್ದಷ್ಟೇ ಹೆಸರು ಬರೆಯಿರಿ. ಹಳೆಯ ಊರ ಹೆಸರನ್ನು 750 ಅಕ್ಷರದ ವಿವರಣೆಯಲ್ಲಿ ಸೇರಿಸಬಹುದು. ವಿಜಯಪುರದವರು ವಿಳಾಸದಲ್ಲಿ 586101 ಪಿನ್‌ಕೋಡ್ ಬರೆಯುವುದನ್ನು ಮರೆಯಬಾರದು, ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ‘ಐದು ಸ್ಟಾರ್ ಕೊಟ್ರ ಕಾಲು ಕೆಜಿ ಕರದಂಟು ಫ್ರೀ’ ಎಂಬ ಚೀಟಿಯನ್ನೂ ಗಲ್ಲೆಯ ಮುಂದಿನಿಂದ ತೆಗೆಯಿರಿ, ಅದು ನಿಯಮಬಾಹಿರ.

ಆ 7 ದಿನಗಳಲ್ಲಿ ‘ಗೂಗಲ್ ಆಫೀಸ್‌ನಿಂದ ಮಾತಾಡಾಕತ್ತೀವಿ, ಬಂದಿರೋ ಕೋಡ್ ಹೇಳ್ರಿ’ ಎಂದು ಯಾರಾದರೂ ಕೇಳಿದರೆ ಹೇಳಬೇಡಿ, ಫೋನ್ ಇಟ್ಟುಬಿಡಿ.