ಅಪರೂಪದ ಅಡ್ಡಹೆಸರುಗಳು ಅಳಿದೇ ಹೋಗುತ್ತವೆಯೇ?

ಪ್ರಶ್ನೆ: ಅಜ್ಜನ ಕಾಲಕ್ಕೆ ನಮ್ಮೂರಿನಲ್ಲಿ ನಮ್ಮ ಅಡ್ಡಹೆಸರಿನ ಐದು ಮನೆಗಳಿದ್ದುವಂತೆ. ಈಗ ಉಳಿದಿರುವುದು ನಮ್ಮದೊಂದೇ. ಪಾಟೀಲರು, ಕುಲಕರ್ಣಿಯವರು ಮಾತ್ರ ಹೋದಲ್ಲೆಲ್ಲ ಸಿಗುತ್ತಾರೆ. ಅಪರೂಪದ ಹೆಸರುಗಳು ಕ್ರಮೇಣ ಅಳಿದುಹೋಗುತ್ತವೆಯೇ?

ಉತ್ತರ: ಹಲವು ಅಳಿಯುತ್ತವೆ, ಅದಕ್ಕೆ ಬರಗಾಲವಾಗಲಿ ಸಾಂಕ್ರಾಮಿಕ ರೋಗವಾಗಲಿ ಬರಬೇಕಾಗಿಲ್ಲ. (ಮೈಸೂರು ಕಡೆಯ ಓದುಗರಿಗೆ ಒಂದು ಮಾತು: ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೆಂದರೆ ಮನೆತನದ ಹೆಸರು, ಗೆಳೆಯರು ಇಟ್ಟ ಹೆಸರಲ್ಲ.)

ಒಂದು ಊರಿನಲ್ಲಿ ನೂರು ಮನೆಗಳಿವೆ, ನೂರಕ್ಕೂ ಬೇರೆ ಬೇರೆ ಅಡ್ಡಹೆಸರು ಎಂದಿಟ್ಟುಕೊಳ್ಳಿ. ಪ್ರತಿ ದಂಪತಿಗೆ ಇಬ್ಬರೇ ಮಕ್ಕಳು. ಮಗು ಗಂಡಾಗುವ, ಹೆಣ್ಣಾಗುವ ಸಾಧ್ಯತೆ ಸಮಸಮ. ಹೆಸರು ಗಂಡುಮಕ್ಕಳ ಮೂಲಕ ಮಾತ್ರ ಮುಂದುವರಿಯುತ್ತದೆ. ಇಬ್ಬರೂ ಹೆಣ್ಣುಮಕ್ಕಳಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ ಒಂದೇ ತಲೆಮಾರಿಗೆ ಸುಮಾರು 25 ಹೆಸರುಗಳು ನಿಂತುಹೋಗುತ್ತವೆ. ಎರಡನೆಯ ತಲೆಮಾರು ಮುಗಿಯುವಾಗ ಈ ಸಂಖ್ಯೆ 39, ಮೂರಕ್ಕೆ 48, ಐದಕ್ಕೆ 60. ಊರಿನ ಜನಸಂಖ್ಯೆ ಕುಗ್ಗಿಲ್ಲ, ಮನೆಗಳು ಸರಿಸುಮಾರು ನೂರೇ ಇವೆ; ಆದರೆ ಆ ನೂರು ಮನೆಗಳನ್ನು ಈಗ ನಲವತ್ತು ಹೆಸರುಗಳು ಹಂಚಿಕೊಂಡಿವೆ. ಒಂದೇ ಹೆಸರಿನ ಹತ್ತು ಮನೆಗಳು ಮೊದಲೇ ಇದ್ದಿದ್ದರೆ, ಐದು ತಲೆಮಾರಿನಲ್ಲಿ ಆ ಹೆಸರು ಪೂರ್ತಿ ಅಳಿಯುವ ಸಾಧ್ಯತೆ ನೂರಕ್ಕೆ ಒಂದೂ ಇಲ್ಲ. ಇನ್ನು ಮನೆಗೊಂದೇ ಮಗುವಾದರೆ ಪ್ರತಿ ತಲೆಮಾರಿಗೂ ಅರ್ಧದಷ್ಟು ಒಂಟಿ ಹೆಸರುಗಳು ಹೋಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಎಂಬುದನ್ನು ಇಲ್ಲಿ ನೆನಪಿಡಬೇಕು.

ಈ ಪ್ರಶ್ನೆಯನ್ನು ಗಣಿತದ ಸಮಸ್ಯೆಯಾಗಿ 1873ರಲ್ಲಿ ಮುಂದಿಟ್ಟವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಉತ್ತರಿಸಿದ ಹೆನ್ರಿ ವಾಟ್ಸನ್ ಎಲ್ಲ ಹೆಸರುಗಳೂ ಒಂದಲ್ಲ ಒಂದು ದಿನ ಅಳಿಯುತ್ತವೆ ಎಂದು ತೀರ್ಮಾನಿಸಿದ, ಅದು ತಪ್ಪು. ಸರಾಸರಿ ಗಂಡುಮಕ್ಕಳ ಸಂಖ್ಯೆ ಒಂದಕ್ಕಿಂತ ಹೆಚ್ಚಿದ್ದರೆ ಕೆಲವು ಹೆಸರುಗಳು ಕೊನೆಯವರೆಗೂ ಉಳಿಯುತ್ತವೆ.

ಪಾಟೀಲ, ಕುಲಕರ್ಣಿ ಎಂಬ ಹೆಸರುಗಳು ಒಂದು ಮನೆಯಿಂದ ಹರಡಿದವಲ್ಲ. ಊರೂರಿಗೆ ಒಬ್ಬ ಪಾಟೀಲ, ಲೆಕ್ಕ ಬರೆಯಲು ಒಬ್ಬ ಕುಲಕರ್ಣಿ ಇದ್ದುದರಿಂದ ಆ ಹೆಸರುಗಳು ಬಹಳ ಊರುಗಳಲ್ಲಿ ಬೇರೆ ಬೇರೆಯಾಗಿಯೇ ಹುಟ್ಟಿದವು. ಬಡಿಗೇರ, ಕಂಬಾರ, ಹೂಗಾರ ಎಂಬ ಕಸುಬಿನ ಹೆಸರುಗಳ ಕಥೆಯೂ ಇದೇ. ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಪಡಿಸಿತು. ಹುದ್ದೆಯಿಂದ ಹೊಸ ಪಾಟೀಲರು ಹುಟ್ಟುವುದು ಅಲ್ಲಿಗೆ ನಿಂತರೂ ಇದ್ದವರ ಸಂಖ್ಯೆಯೇ ಆ ಹೆಸರನ್ನು ಕಾಯುತ್ತಿದೆ. ಇದಕ್ಕೆ ಪ್ರತಿಯಾಗಿ ಹುಣಸಿಮರದ, ಬೇವಿನಕಟ್ಟಿ ಮುಂತಾದ ಹೆಸರುಗಳು ಹಿತ್ತಲಿನ ಒಂದು ಮರವನ್ನೋ ಮನೆಮುಂದಿನ ಒಂದು ಕಟ್ಟೆಯನ್ನೋ ಗುರುತಾಗಿಟ್ಟುಕೊಂಡು ಬೆಳೆದಂತಿವೆ. ಅಂಥವು ಒಂದೆರಡು ಮನೆಗಳಿಗೆ ಸೀಮಿತವಾಗಿದ್ದಲ್ಲಿ ಮೇಲಿನ ಲೆಕ್ಕ ಅವುಗಳಿಗೆ ಕಠಿಣವಾಗಿಯೇ ಅನ್ವಯಿಸುತ್ತದೆ.

ಆದರೆ ಸಮಾಜಗಳು ಈ ಲೆಕ್ಕವನ್ನು ನೋಡುತ್ತ ಸುಮ್ಮನೆ ಕೂತಿಲ್ಲ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರೇ ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. 1997ರಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ತಂಡಗಳು ಕಣಕ್ಕಿಳಿಯುವುದೂ ಒಕ್ಕದ ಹೆಸರಿನಲ್ಲಿಯೇ. ಗಂಡು ಸಂತಾನವಿಲ್ಲದ ಒಕ್ಕ ನಿಲ್ಲಬಾರದೆಂದು ಅಲ್ಲಿ ‘ಒಕ್ಕಪರಿಜೆ’ ಎಂಬ ಮದುವೆಯ ಕ್ರಮವಿತ್ತು. ಅದರಲ್ಲಿ ಅಳಿಯ ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ, ಮಕ್ಕಳು ತಾಯಿಯ ಒಕ್ಕದವರಾಗುತ್ತಾರೆ. ಜಪಾನಿನಲ್ಲಿಯೂ ಅಳಿಯನನ್ನೇ ದತ್ತು ಪಡೆದು ಮನೆತನದ ಹೆಸರು ಕೊಡುವ ರೂಢಿಯಿದೆ. ತುಳುನಾಡಿನ ಅಳಿಯಸಂತಾನದವರಲ್ಲಿ ಬಳಿ (ಗೋತ್ರದಂಥ ವಂಶದ ಗುರುತು) ತಾಯಿಯಿಂದ ಬರುವುದರಿಂದ ಹೆಣ್ಣುಮಕ್ಕಳಿಲ್ಲದ ಮನೆಯಲ್ಲಿ ಅದು ನಿಂತುಹೋಗುತ್ತದೆ.

ಹೊಸ ಹೆಸರುಗಳು ಹುಟ್ಟುವುದು ಈಗ ಹೆಚ್ಚಾಗಿ ಅರ್ಜಿಗಳಲ್ಲಿ. ಹಳೆ ಮೈಸೂರಿನ ಇನಿಷಿಯಲ್ ಪದ್ಧತಿಯವರು ವಿದೇಶಕ್ಕೆ ಹೊರಟಾಗ ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಕಾಲಂನಲ್ಲಿ ಅಣ್ಣನು ಊರಿನ ಹೆಸರನ್ನೂ ತಮ್ಮನು ತಂದೆಯ ಹೆಸರನ್ನೂ ಬರೆದರೆ, ಅವರ ಮಕ್ಕಳು ಪರಸ್ಪರ ಬೇರೆ ಮನೆತನದವರಂತೆ ಕಾಣುತ್ತಾರೆ.

ಇಲ್ಲಿ ನಿಮ್ಮ ಐದು ಮನೆಗಳ ವಿಷಯಕ್ಕೆ ಬರಬಹುದು. ಹೊಟ್ಟೆಪಾಡಿಗೆ ಪರಊರಿಗೆ ಹೋದ ಕುಟುಂಬಕ್ಕೆ ಮೂಲ ಊರಿನ ಹೆಸರೇ ಅಡ್ಡಹೆಸರಾಗುವುದು, ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದೇ ಖಾಯಂ ಆಗುವುದು ನಮ್ಮ ಕಡೆ ಸಾಮಾನ್ಯ. ವಂಶಾವಳಿ ಹೇಳುವ ಹೆಳವರು ಈಗಲೂ ನಿಮ್ಮ ಮನೆಗೆ ಬರುತ್ತಿದ್ದರೆ, ಕಾಳು ಕೊಟ್ಟು ಕಳಿಸುವ ಮೊದಲು ಆ ನಾಲ್ಕು ಮನೆಯವರು ಎತ್ತ ಹೋದರೆಂದು ಕೇಳಿ ನೋಡಿ. ಅವರಲ್ಲಿ ಒಂದಿಬ್ಬರ ಮೊಮ್ಮಕ್ಕಳು ಇನ್ನೊಂದು ತಾಲ್ಲೂಕಿನಲ್ಲಿ ನಿಮ್ಮೂರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತುಕೊಂಡಿರಬಹುದು.