ಡಿಜ್ಜಿ ಗಿಲೆಸ್ಪಿ: ರೆಕಾರ್ಡ್ ಆಗದ ವರ್ಷಗಳ ಕಥೆ

ಬೀಬಾಪ್ ಅಂದರೆ 1940ರ ದಶಕದಲ್ಲಿ ಹುಟ್ಟಿದ, ವೇಗದ, ಜಟಿಲ ಜಾಜ್ ಶೈಲಿ. ಅದರ ಮಾತು ಬಂದ ಕೂಡಲೇ ಬಹಳ ಜನ ಹೇಳುವ ಹೆಸರು ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಚಾರ್ಲಿ ಪಾರ್ಕರ್. ಅವರ ಜೊತೆ ಆ ಶೈಲಿಯನ್ನು ಕಟ್ಟಿದ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಅಂದರೆ ನೆನಪಾಗುವುದು ಉಬ್ಬಿದ ಕೆನ್ನೆ, ಮೇಲಕ್ಕೆ ಬಾಗಿದ ಟ್ರಂಪೆಟ್ ಅಷ್ಟೇ. ಹೀಗಾಗಿದ್ದಕ್ಕೆ ಕಾರಣಗಳಿವೆ.

1917ರಲ್ಲಿ ಸೌತ್ ಕೆರೊಲಿನಾದಲ್ಲಿ ಹುಟ್ಟಿದ ಗಿಲೆಸ್ಪಿ, 1939ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಕ್ಯಾಬ್ ಕ್ಯಾಲೊವೇ ಬ್ಯಾಂಡ್ ಸೇರಿದ್ದರು. ಅಲ್ಲಿ ನುಡಿಸುತ್ತಿದ್ದುದು ಕುಣಿಯುವವರಿಗಾಗಿ. ಮನಸ್ಸಿನ ಸಂಗೀತ ನಡೆಯುತ್ತಿದ್ದದ್ದು ಅದೇ ಊರಿನ ಹಾರ್ಲೆಮ್ ಬಡಾವಣೆಯ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿನಲ್ಲಿ. ಪಿಯಾನೊದ ಮುಂದೆ ಥೆಲೋನಿಯಸ್ ಮಂಕ್, ಡ್ರಮ್ಸ್‌ನಲ್ಲಿ ಕೆನ್ನಿ ಕ್ಲಾರ್ಕ್. ಗೊತ್ತಿರುವ ಹಾಡಿನ ಕಾರ್ಡ್‌ಗಳನ್ನು (chord, ಒಟ್ಟಿಗೆ ನುಡಿಸುವ ಸ್ವರಗುಚ್ಛ) ತಿರುಚಿ, ವೇಗ ಏರಿಸಿ ನುಡಿಸುತ್ತಿದ್ದರು. ತಯಾರಿಯಿಲ್ಲದೆ ವೇದಿಕೆ ಹತ್ತಿದವರು ಅರ್ಧಕ್ಕೇ ಇಳಿಯಬೇಕಾಗುತ್ತಿತ್ತು. 'ವಿಸ್ಪರಿಂಗ್' ಎಂಬ ಹಳೆಯ ಹಾಡಿನ ಕಾರ್ಡ್‌ಗಳ ಮೇಲೆ ಗಿಲೆಸ್ಪಿ 'ಗ್ರೂವಿನ್ ಹೈ' ಕಟ್ಟಿದ್ದೂ ಇದೇ ದಾರಿಯಲ್ಲಿ.

ಅಷ್ಟರಲ್ಲಿ, 1942ರ ಆಗಸ್ಟ್‌ನಲ್ಲಿ, ಸಂಗೀತಗಾರರ ಯೂನಿಯನ್ ರಾಯಲ್ಟಿಗಾಗಿ ರೆಕಾರ್ಡಿಂಗ್ ನಿಲ್ಲಿಸಿತು. ದೊಡ್ಡ ರೆಕಾರ್ಡ್ ಕಂಪನಿಗಳೆಲ್ಲ ಒಪ್ಪುವ ಹೊತ್ತಿಗೆ 1944 ಮುಗಿಯುತ್ತಾ ಬಂದಿತ್ತು. 1943ರಲ್ಲಿ ಅರ್ಲ್ ಹೈನ್ಸ್ ಬ್ಯಾಂಡಿನಲ್ಲಿ ಗಿಲೆಸ್ಪಿ, ಪಾರ್ಕರ್ ಇಬ್ಬರೂ ಇದ್ದರು. ಆ ಬ್ಯಾಂಡಿನ ಒಂದು ರೆಕಾರ್ಡೂ ಹೊರಬರಲಿಲ್ಲ. ಹಾಗಾಗಿ 1945ರ ರೆಕಾರ್ಡ್‌ಗಳನ್ನು ಕೇಳಿದವರಿಗೆ ಈ ಸಂಗೀತ ಆಕಾಶದಿಂದ ಬಿದ್ದಂತೆ ಕಂಡಿತು. ಅದರ ಹಿಂದಿನ ದುಡಿಮೆ ಕಿವಿಗೆ ಬೀಳಲೇ ಇಲ್ಲ. ಆ ದುಡಿಮೆಯಲ್ಲಿ ಗಿಲೆಸ್ಪಿಯವರ ಪಾಲು ಜಾಸ್ತಿಯೇ ಇತ್ತು. ಪಿಯಾನೊ ಮುಂದೆ ಕೂತು ಕಾರ್ಡ್‌ಗಳನ್ನು ಒಂದೊಂದಾಗಿ ತೋರಿಸಿಕೊಡುತ್ತಿದ್ದ ಮೇಷ್ಟ್ರು ಅವರು. ಪಿಯಾನೊ ಕಲಿ ಎಂದು ಮುಂದೆ ಹೆಸರಾಂತ ಟ್ರಂಪೆಟ್ ವಾದಕನಾದ ಹುಡುಗ ಮೈಲ್ಸ್ ಡೇವಿಸ್‌ಗೆ ಹೇಳಿದ್ದೂ ಅವರೇ. ಪಾರ್ಕರ್ 34ಕ್ಕೇ ತೀರಿಕೊಂಡು ದಂತಕಥೆಯಾದರು. ಗಿಲೆಸ್ಪಿ 1993ರವರೆಗೆ ಬದುಕಿದರು, ವೇದಿಕೆಯಲ್ಲಿ ನಗಿಸಿದರು. ನಗಿಸುವವರನ್ನು ಹಗುರವಾಗಿ ಕಾಣೋದು ಸರಿಯಲ್ಲ, ಅಲ್ವಾ?

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು 1947. ಕ್ಯಾಲೊವೇ ಬ್ಯಾಂಡಿನ ಹಳೆಯ ಗೆಳೆಯ ಮಾರಿಯೋ ಬೌಸಾ, ಕ್ಯೂಬಾದ ಕಾಂಗಾ (ಕೈಯಿಂದ ಬಾರಿಸುವ ಉದ್ದನೆಯ ಡ್ರಮ್) ವಾದಕ ಚಾನೊ ಪೋಜೊ ಅವರನ್ನು ಗಿಲೆಸ್ಪಿಗೆ ಪರಿಚಯಿಸಿದರು. ಪೋಜೊಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಬೇಸ್‌ಗೆ ಇದು, ಸ್ಯಾಕ್ಸ್‌ಗೆ ಇದು ಅಂತ ಬಾಯಲ್ಲೇ ಹಾಡಿ ತೋರಿಸಿದರು. ನಡುವಿನ ಭಾಗವನ್ನು ಗಿಲೆಸ್ಪಿ ಬರೆದರು. ಹೀಗೆ 'ಮಾಂಟೆಕಾ' ಹುಟ್ಟಿತು. ಅದು ರೆಕಾರ್ಡ್ ಆಗಿ ವರ್ಷ ತುಂಬುವ ಮೊದಲೇ ಪೋಜೊ ಹಾರ್ಲೆಮ್‌ನಲ್ಲಿ ಗುಂಡಿಗೆ ಬಲಿಯಾದರು. ಗಿಲೆಸ್ಪಿ ಮಾತ್ರ ಮುಂದಿನ ನಾಲ್ಕು ದಶಕ ಆ ಹಾಡನ್ನು ಬಿಡದೆ ನುಡಿಸಿದರು.